ಎಪ್ಪತ್ತೈದರ ಸುತ್ತು

ಪಿಂಗಾಣಿ ಕಪ್ಪುಗಳ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಲೆಕ್ಕದಕ್ಕ ಎಂದೇ. ಗೋದಾಮಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಳೆಂದರೆ ಲಾರಿಗೆ ಹೋಗುವ ಒಂದೇ ಒಂದು ಪೆಟ್ಟಿಗೆಯೂ ಅವಳ ಕಣ್ಣು ತಪ್ಪಿಸುವಂತಿರಲಿಲ್ಲ.

ಪೆಟ್ಟಿಗೆಗೆ ಎಪ್ಪತ್ತೈದು ಕಪ್ಪು. ಬೇರೆಯವರಾದರೆ ಒಂದು, ಎರಡು ಎಂದು ಪೆಟ್ಟಿಗೆ ಎಣಿಸಿ ಕೊನೆಗೆ ಗುಣಿಸುತ್ತಿದ್ದರು. ಅವಳಿಗೆ ಅದು ಸೇರದು. ಹದಿನೇಳಾದ ಮೇಲೆ ಬಾಯಿತಪ್ಪಿ ಹತ್ತೊಂಬತ್ತು ಎಂದರೆ ಯಾರು ಬಂದು ತಿದ್ದುತ್ತಾರೆ? ಎಪ್ಪತ್ತೈದರಲ್ಲಿ ಹಾಗಲ್ಲ. ಎಪ್ಪತ್ತೈದು, ನೂರೈವತ್ತು, ಇನ್ನೂರಿಪ್ಪತ್ತೈದು, ಮುನ್ನೂರು. ಕೊನೆಯ ಎರಡಂಕಿಯ ಬಾಲ ಇಪ್ಪತ್ತೈದಿಪ್ಪತ್ತೈದು ಇಳಿಯುತ್ತಾ ಬಂದು ನಾಲ್ಕನೆಯ ಪೆಟ್ಟಿಗೆಗೆ ಸೊನ್ನೆ ಮುಟ್ಟುತ್ತದೆ, ಒಂದು ಸುತ್ತು ಮುಗಿಯುತ್ತದೆ. ನಡುವೆ ಒಂದು ಪೆಟ್ಟಿಗೆ ಬಿಟ್ಟುಹೋದರೆ ಬಾಲ ಸರಿಬರುವುದಿಲ್ಲ, ನಾಲಿಗೆ ತಾನಾಗಿಯೇ ತಡೆಯುತ್ತದೆ. ನೀರು ಕುಡಿಯುವುದು, ಮಾತಾಡುವುದು, ಯಾರನ್ನಾದರೂ ಬೈಯುವುದು, ಎಲ್ಲವನ್ನೂ ಅವಳು ಸುತ್ತು ಮುಗಿದಾಗಲೇ ಮಾಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಹಾಗಂತ ಕೇಳದವರಿಗೂ ಹೇಳುತ್ತಿದ್ದಳು.

ಈಗ ಅವಳು ಎರಡು ಸಾವಿರದ ನಾನೂರು ಎಂದು ಬರೆದುಕೊಟ್ಟ ಲೋಡಿನಲ್ಲಿ ಅಂಗಡಿಯವರಿಗೆ ಸಿಕ್ಕಿದ್ದು ಎರಡು ಸಾವಿರದ ನೂರು. ನಾಲ್ಕು ಪೆಟ್ಟಿಗೆ ಮಾಯ. ಲಾರಿಯ ಜೊತೆ ಹೋದವನು ಉದ್ದಣ್ಣ, ಪೆಟ್ಟಿಗೆ ಹೊರುವವನು. ಯಜಮಾನರು ಅವನಿಗೆ ನಾಳೆಯಿಂದ ಬರಬೇಡ ಎಂದರು. ಅವನು ಜಗಳಕ್ಕೂ ನಿಲ್ಲಲಿಲ್ಲ.

"ಅಕ್ಕ ಎಣಿಸಿದ ಮೇಲೆ ಅಷ್ಟು ಇದ್ದೇ ಇರುತ್ತೆ," ಎಂದ. "ಆದ್ರೆ ನಾನು ತಗೊಂಡಿಲ್ಲ, ಸರ್."

ತನ್ನ ಲೆಕ್ಕವನ್ನು ಕಳ್ಳನೂ ಒಪ್ಪಿದನಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

ಸಂಜೆ ಮನೆಯಲ್ಲಿ ಹಿಟ್ಟು ನಾದುತ್ತಿದ್ದಾಗ ಎಂಟು ವರ್ಷದ ಮೊಮ್ಮಗಳು ಪಕ್ಕದಲ್ಲಿ ಕೂತು ಎಪ್ಪತ್ತೈದರ ಎಣಿಕೆ ಒಪ್ಪಿಸತೊಡಗಿದಳು. ಕಲಿಸಿದ್ದು ಅಜ್ಜಿಯೇ. ಆರುನೂರ ಎಪ್ಪತ್ತೈದು, ಏಳುನೂರ ಐವತ್ತು, ಎಂಟುನೂರ ಇಪ್ಪತ್ತೈದು, ಒಂಬೈನೂರು. ಅಲ್ಲಿ ಉಸಿರು ತೆಗೆದುಕೊಂಡು, ಸಾವಿರದ ಇನ್ನೂರ ಎಪ್ಪತ್ತೈದು, ಸಾವಿರದ ಮುನ್ನೂರ ಐವತ್ತು ಎಂದು ಮುಂದೆ ಓಡಿದಳು. ಅಜ್ಜಿ ತಲೆಯಾಡಿಸುತ್ತಲೇ ಇದ್ದಳು. ಹುಡುಗಿ ಕಿಸಕ್ಕನೆ ನಕ್ಕಳು.

"ಅಜ್ಜಿ, ಒಂದು ಸುತ್ತು ಪೂರ್ತಿ ನುಂಗಿಬಿಟ್ಟೆ. ನಿಂಗೆ ಗೊತ್ತೇ ಆಗ್ಲಿಲ್ಲ."

ಹಿಟ್ಟಿನ ಕೈ ಪಾತ್ರೆಯಲ್ಲೇ ನಿಂತಿತು. ಒಂದು ಪೆಟ್ಟಿಗೆ ತಪ್ಪಿದರೆ ಬಾಲ ಹೇಳುತ್ತದೆ, ಎರಡು ತಪ್ಪಿದರೂ ಹೇಳುತ್ತದೆ. ಪೂರ್ತಿ ನಾಲ್ಕು ತಪ್ಪಿದರೆ ಅದಕ್ಕೆ ಬಾಯೇ ಇಲ್ಲ. ಮಾಯವಾಗಿದ್ದೂ ನಾಲ್ಕೇ. ಆ ಲೋಡು ತುಂಬಿದ ದಿನ ಒಂಬೈನೂರಕ್ಕೆ ಸುತ್ತು ಮುಗಿಯುವುದನ್ನೇ ಕಾದಿದ್ದು ಉದ್ದಣ್ಣ ಅವಳ ಮುಂದೆ ಬಂದು ನಿಂತಿದ್ದ. ಹೆಣ್ಣು ಮಗು ಆಯಿತು, ಮೂರು ಕೆಜಿ ಇದೆ ಎಂದಿದ್ದ. ಅವಳು ಹಿಗ್ಗಿ ಹೋಗಿ, ಮಗು ಯಾರ ಹಾಗಿದೆ, ತಾಯಿ ಹೇಗಿದ್ದಾಳೆ ಎಂದೆಲ್ಲ ಕೇಳಿದ್ದಳು. ಆಮೇಲೆ ಎಣಿಕೆಯನ್ನು ತಾನು ಎಲ್ಲಿಂದ ಹಿಡಿದದ್ದು? ಸಾವಿರದ ಇನ್ನೂರು ಆಗಿದೆ ಎಂದುಕೊಂಡು ಹಿಡಿದಿದ್ದರೆ?

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಗೋದಾಮು ಎಣಿಸಿದಳು. ಈ ಸಲ ಮಕ್ಕಳ ಹಾಗೆ ಒಂದು, ಎರಡು ಎಂದು, ಪ್ರತಿ ಪೆಟ್ಟಿಗೆಯನ್ನೂ ಮುಟ್ಟಿ ಮುಟ್ಟಿ. ಪುಸ್ತಕದ ಪ್ರಕಾರ ಎಂಬತ್ತು ಇರಬೇಕು. ಇದ್ದದ್ದು ಎಂಬತ್ನಾಲ್ಕು. ಗೋದಾಮಿನಲ್ಲಿ ಬೇರೆ ಯಾರೂ ಎಣಿಸುವವರಿಲ್ಲ. ಪುಸ್ತಕ ಮುಚ್ಚಿ ಸುಮ್ಮನಿದ್ದರೆ ನಾಲ್ಕು ಪೆಟ್ಟಿಗೆಯನ್ನು ಹೊಸ ಮಾಲಿನಲ್ಲಿ ಸೇರಿಸಿಬಿಡಬಹುದಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಯಜಮಾನರ ಕೋಣೆಗೆ ಹೋದಳು.

ಅವರು ಕೇಳಿ ತಲೆ ಕೆರೆದುಕೊಂಡರು. ಇದು ಹೊರಗೆ ಗೊತ್ತಾದರೆ ಅಂಗಡಿಯವರೆಲ್ಲ ಹಳೆಯ ಲೋಡುಗಳನ್ನು ಕೆದಕುತ್ತಾರೆ, ಉದ್ದಣ್ಣನಿಗೆ ಬೇರೆ ಕಡೆ ಕೆಲಸ ಸಿಗುತ್ತದೆ ಬಿಡಿ ಎಂದರು.

"ಅವನಿಗೆ ಕಳ್ಳ ಅಂತ ಹೆಸರು ಬಂದಿದೆ, ಸರ್," ಎಂದಳು ಅವಳು. "ನನಗೆ ಲೆಕ್ಕ ತಪ್ಪಿದವಳು ಅಂತ ಬರಲಿ. ಅದು ನಿಜಾನೇ ಅಲ್ವಾ."

ಆ ಮಾತನ್ನು ಮತ್ತೆ ಗೋದಾಮಿನಲ್ಲಿ ಎಲ್ಲರ ಮುಂದೆ ಹೇಳಿದಳು. ಯಜಮಾನರು ಒಪ್ಪಿದ ಮೇಲೆ, ಮಧ್ಯಾಹ್ನ ತಾನೇ ಉದ್ದಣ್ಣನ ಮನೆಗೆ ಹೋಗಿ, ತಪ್ಪು ತನ್ನದೆಂದು ಹೇಳಿ ಕೆಲಸಕ್ಕೆ ಕರೆದಳು. ಅವನ ಹೆಂಡತಿ ಬಾಣಂತಿ, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಯೇ ಇದ್ದಳು.

ಮರುದಿನ ಅವನು ಕೆಲಸಕ್ಕೆ ಬಂದ. ಅವಳು ಸ್ಟೂಲಿನ ಪಕ್ಕದ ಗೋಡೆಯ ಮೇಲೆ ಒಂದೊಂದು ಸುತ್ತು ಮುಗಿದಾಗಲೂ ಒಂದೊಂದು ಗೀಟು ಎಳೆಯಲು ಸೀಮೆಸುಣ್ಣ ತಂದಿದ್ದಳು. ಮುನ್ನೂರು, ಆರುನೂರು. ಅವನು ಅವಳ ಕಡೆ ನೋಡದೆ ಪೆಟ್ಟಿಗೆ ಹೊತ್ತು ಹಾದುಹೋಗುತ್ತಿದ್ದ. ಒಂಬೈನೂರಕ್ಕೆ ಅವಳಿಗೆ ತಡೆಯಲಾಗಲಿಲ್ಲ.

"ಮಗು ಹೇಗಿದೆ?" ಎಂದಳು.

ಅವನು ಹೆಗಲ ಮೇಲಿನ ಪೆಟ್ಟಿಗೆಯ ಸಮೇತ ನಿಂತು ಗೋಡೆಯನ್ನು ನೋಡಿದ. ಅಲ್ಲಿ ಎರಡೇ ಗೀಟು ಇತ್ತು.

"ಮೊದ್ಲು ಗೀಟು ಹಾಕಿ, ಅಕ್ಕ," ಎಂದ. "ಆಮೇಲೆ ಹೇಳ್ತೀನಿ."