ಹೊಟ್ಟೆಗೊತ್ತಿಕೊಂಡ ದಿಂಬು

ಹೊಟ್ಟೆಯ ಆಪರೇಷನ್ ಆದಮೇಲೆ ಹೆಜ್ಜೆ ಇಟ್ಟರೆ ಹೊಲಿಗೆ ಜಗ್ಗಿ ಜೀವ ಹೋಗುತ್ತಿತ್ತು. "ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೊಂಡು ನಡೀರಿ, ನೋವು ಕಮ್ಮಿ ಆಗತ್ತೆ," ಎಂದಳು ನರ್ಸ್. ಗಂಡ ಮನೆಯಿಂದ ತನ್ನ ದಿಂಬನ್ನೇ ತಂದ. ಅದರ ತುಂಬ ತಲೆಯೆಣ್ಣೆಯ ಜಿಡ್ಡು, ಜೊಲ್ಲಿನ ಹಳದಿ ಕಲೆ. ನಾಯಿಯೂ ಮೂಸುತ್ತಿರಲಿಲ್ಲ.

"ಬೀರುನಲ್ಲಿ ಹೊಸ ದಿಂಬುಗಳಿದ್ವಲ್ಲ?" ಎಂದೆ.

"ಅವು ನೆಂಟರಿಗೆ ಇಟ್ಟಿರೋದು. ನೀನೇನು ಹೊರಗಿನವಳಾ?"

ವಾಕರಿಸಿದರೆ ಹೊಲಿಗೆ ಬಿಚ್ಚೀತೆಂದು ಉಸಿರು ಬಿಗಿಹಿಡಿದು, ಆ ಗಬ್ಬನ್ನೇ ಅಪ್ಪಿಕೊಂಡು ನಡೆದೆ. ಹೇಸಿಗೆಯ ಸಂಗತಿಯೆಂದರೆ, ನೋವು ನಿಜವಾಗಿಯೂ ಕಡಿಮೆಯಾಯಿತು.

ಮನೆಗೆ ಬಂದ ದಿನವೇ ನನ್ನನ್ನು ನೋಡಲು ನಾದಿನಿ ಬಂದಳು. ಗಂಡ ಬೀರು ತೆಗೆದು ಹೊಸ ದಿಂಬನ್ನು ಅವಳ ಬೆನ್ನಿಗಿಟ್ಟ. "ಆರಾಮಾಗಿ ಒರಗ್ಕೋ, ದೂರದಿಂದ ಬಂದಿದೀಯ," ಎಂದ.

ನಾನು ಅವನ ಜೊಲ್ಲನ್ನು ಹೊಟ್ಟೆಗೊತ್ತಿಕೊಂಡು ಇಬ್ಬರಿಗೂ ಟೀ ಮಾಡಲು ಎದ್ದೆ.