ಗುಂಡಕ್ಷರದ ಗೋಡೆ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹೊರಗೋಡೆಗೆ ಏಣಿ ಒರಗಿಸಿ, ಗುಂಡಕ್ಕ ಬೆಳಗಿನಿಂದ ಬೋರ್ಡ್ ಬರೆಯುತ್ತಿದ್ದಳು. ಅವಳ ನಿಜವಾದ ಹೆಸರು ಗಂಡನಿಗೂ ಮರೆತುಹೋಗಿರಬೇಕು. ಅಕ್ಷರಗಳೇ ಅವಳಿಗೆ ಈ ಹೆಸರು ತಂದಿದ್ದವು. ಮೊಳೆಗೆ ದಾರ ಕಟ್ಟಿ ವೃತ್ತ ಎಳೆದು, ಅದರೊಳಗೆ ಅಕ್ಷರ ಕೂರಿಸುವಳು. ಮೊದಲಿಂದ ಕೊನೆತನಕ ಒಂದೇ ದಪ್ಪ. ಮೂಲೆಯಿಲ್ಲ, ಬಾಲವಿಲ್ಲ, ಬಳುಕಿಲ್ಲ. "ಕನ್ನಡಕ ಮರೆತು ಬಂದವನೂ ರಸ್ತೆಯಾಚೆಯಿಂದ ಓದಬೇಕು" ಎನ್ನುತ್ತಿದ್ದಳು.

ಆಳೆತ್ತರಕ್ಕೆ ಕಾರ್ಖಾನೆಯ ಹೆಸರು ಬರೆದು ಮುಗಿಸಿದಾಗ ಮ್ಯಾನೇಜರು ಅವಳನ್ನು ಒಳಗೆ ಕರೆದು ಚೀಟಿಯೊಂದನ್ನು ಕೊಟ್ಟರು: 'ಈ ತೊಟ್ಟಿಯ ನೀರು ಚರ್ಮ ಸುಡುತ್ತದೆ. ಕೈಗವಸಿಲ್ಲದೆ ಮುಟ್ಟಬೇಡಿ.'

"ಇದನ್ನ ಆ ಬಾಗಿಲ ಹಿಂದೆ ಬರಿ. ಸಾಸಿವೆ ಕಾಳಿನಷ್ಟಿದ್ರೆ ಸಾಕು. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಕೇಳಿದ್ರೆ ತೋರಿಸೋಕೆ ಅಷ್ಟೆ."

ಬಣ್ಣದ ತೊಟ್ಟಿಯ ಬಳಿ ಹೆಂಗಸೊಬ್ಬಳು ಬರಿಗೈಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವಳ ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

"ಕೈಗೇನಾಯ್ತು?" ಗುಂಡಕ್ಕ ಕೇಳಿದಳು.

"ನನ್ನ ರಕ್ತವೇ ಸರಿಯಿಲ್ವಂತೆ ಅಕ್ಕ. ಮ್ಯಾನೇಜರು ಹೇಳಿದ್ರು."

ಹೇಳಿದ್ದನ್ನು ಬರೆಯುವುದು ನನ್ನ ಕೆಲಸ, ತೂಗಿ ನೋಡುವುದಲ್ಲ ಎಂದುಕೊಂಡೇ ಗುಂಡಕ್ಕ ಇಪ್ಪತ್ತು ವರ್ಷ ದುಡಿದಿದ್ದಳು. ಇವತ್ತು ಆ ಮಾತನ್ನು ಬದಿಗಿಟ್ಟಳು. ಏಣಿಯನ್ನು ತಂದು ತೊಟ್ಟಿಯ ಎದುರಿನ ಗೋಡೆಗೇ ಒರಗಿಸಿದಳು. ಮೊಳೆ ಹೊಡೆದು ದಾರ ಎಳೆದಳು. ಕೆಲಸದವರು ಊಟ ಮುಗಿಸಿ ಬರುವಷ್ಟರಲ್ಲಿ ಚೀಟಿಯ ಮಾತು ಮೊಳದುದ್ದದ ಕೆಂಪು ಗುಂಡಕ್ಷರಗಳಲ್ಲಿ ಗೋಡೆ ತುಂಬಾ ನಿಂತಿತ್ತು.

ಮ್ಯಾನೇಜರು ಓಡಿ ಬಂದರು. "ತಲೆ ಕೆಟ್ಟಿದ್ಯಾ ನಿಂಗೆ? ನಾಳೆ ದೊಡ್ಡ ಆರ್ಡರ್ ಕೊಡೋರು ಬರ್ತಾರೆ. ಇದನ್ನ ನೋಡಿ ವಾಪಸ್ ಹೋದ್ರೆ ಈ ಕೆಲಸದವರ ಮನೆ ಒಲೆ ಯಾರು ಹಚ್ತಾರೆ?" ಅವರ ದನಿಯಲ್ಲಿದ್ದ ಹೆದರಿಕೆ ಸುಳ್ಳಾಗಿರಲಿಲ್ಲ.

"ಒಲೆ ಹಚ್ಚೋಕೂ ಕೈ ಬೇಕಲ್ಲ ಸಾರ್."

"ಅಳಿಸು! ಇಲ್ಲಾಂದ್ರೆ ಈ ರಸ್ತೇಲಿ ಒಂದು ಬೋರ್ಡೂ ನಿಂಗೆ ಸಿಗದ ಹಾಗೆ ಮಾಡ್ತೀನಿ."

ಗುಂಡಕ್ಕ ಸುಣ್ಣದ ಬಕೆಟ್ಟನ್ನು ಅವರ ಕಾಲ ಬಳಿ ಇಟ್ಟು, ಬ್ರಷ್ ಚಾಚಿದಳು. "ನಾನು ಬರೆದಿದ್ದು ಸುಳ್ಳಾಗಿದ್ರೆ ನೀವೇ ಅಳಿಸಿ. ಇವರೆಲ್ಲ ನೋಡ್ತಿರಲಿ."

ಮ್ಯಾನೇಜರು ಬ್ರಷ್ ಮುಟ್ಟಲಿಲ್ಲ.

ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಆ ಹೆಂಗಸು ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು. "ಚ...ರ್ಮ... ಸುಡು...ತ್ತದೆ." ತನ್ನ ಬೆರಳುಗಳನ್ನು ನೋಡಿಕೊಂಡಳು. ಮತ್ತೆ ಗೋಡೆ ನೋಡಿದಳು.

"ಅಂದ್ರೆ ನನ್ನ ರಕ್ತ ಸರಿಯಾಗೇ ಇದೆ!"

ಊಟದ ನಂತರ ಮತ್ತೆ ಕೈಗೆತ್ತಿಕೊಂಡಿದ್ದ ಒದ್ದೆ ಬಟ್ಟೆಯನ್ನು ತೊಟ್ಟಿಗೆ ಬಿಟ್ಟು ಅವಳು ಹಿಂದೆ ಸರಿದಳು. ಒಬ್ಬೊಬ್ಬರಾಗಿ ಉಳಿದವರೂ ಸರಿದರು.

"ಕೈಗವಸು ತರಿಸಿ ಸಾರ್. ಅಲ್ಲಿವರೆಗೂ ಇಲ್ಲೇ ಕೂತಿರ್ತೀವಿ" ಎಂದಳು ಅವಳು.

ಎಲ್ಲರೂ ಗೋಡೆಯ ಬುಡದಲ್ಲಿ ಕುಳಿತರು. ಮನೆಗೆ ಹೊರಡಬಹುದಾಗಿದ್ದ ಗುಂಡಕ್ಕ ಏಣಿ ಕೆಳಗಿಟ್ಟು ಅವರ ಪಕ್ಕದಲ್ಲೇ ಕುಳಿತಳು.

ಸಂಜೆಯ ಹೊತ್ತಿಗೆ ಎರಡು ಪೆಟ್ಟಿಗೆ ಕೈಗವಸು ಬಂದವು. ಆ ರಸ್ತೆಯಲ್ಲಿ ಗುಂಡಕ್ಕನಿಗೆ ಮತ್ತೆ ಬೋರ್ಡ್ ಸಿಗಲಿಲ್ಲ. ಆ ಗೋಡೆಗೆ ಸುಣ್ಣ ಬಳಿಯುವ ಧೈರ್ಯವನ್ನೂ ಯಾರೂ ಮಾಡಲಿಲ್ಲ.