ಅಕ್ಕ ಕೇಳಿದ್ದು

ಮೈಕು ಕುಯ್ಯೆಂದಿತು, ಮುಂದಿನ ಸಾಲಿನ ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡರು, ಸೆಕ್ಟರ್ ಒಂಬತ್ತರ ಪಂಜಾಬಿ ಆಂಟಿ ಮಾತ್ರ ನಿಲ್ಲಿಸಲಿಲ್ಲ — ಮೈಂ ತೋ ಸಮಝೀ ಗ್ಯಾಸ್ ಹೈ ಜೀ, ಅಜವಾನ್ ಚಬಾತೀ ರಹೀ — ಎದೆನೋವಿಗೆ ಓಮ ಅಗಿಯುತ್ತಾ ಕೂತಳಂತೆ, ಸಭೆ ಗೊಳ್ಳೆಂದು ನಕ್ಕಿತು, ನಗುವುದಕ್ಕೇನಿದೆ ಇದರಲ್ಲಿ ಮಣ್ಣು, ವಾಸಂತಿಗೆ ರೇಗಿತು, ಆದರೆ ಆಂಟಿಯೂ ನಗುತ್ತಿದ್ದಾಳಲ್ಲ, ಎರಡು ಸ್ಟೆಂಟ್ ಹಾಕಿಸಿಕೊಂಡು ಬದುಕಿ ಬಂದವಳು, ನಗಲಿ, ಮುಂದಿನ ಸರದಿ ತನ್ನದು, ಕೈಯೊಳಗಿನ ಚೀಟಿ ಆಗಲೇ ಬೆವರಿಗೆ ಮೆತ್ತಗಾಗಿದೆ. ಹೃದಯದ ಕಾಯಿಲೆ ತಮ್ಮ ಮನೆಗೆ ಹೇಗೆ ಬಂತೆಂದು ಹೆಂಗಸರೇ ಎದ್ದು ಹೇಳಬೇಕು, ದೆಹಲಿಯ ರೋಹಿಣಿ ಬಡಾವಣೆಯ ಈ ಸಮುದಾಯ ಭವನ ಗೊತ್ತುಮಾಡಿದವಳು ಜ್ಯೋತ್ಸ್ನಾ, ಡಾಕ್ಟರ್ ಕೀ ಸ್ಪೀಚ್ ಕೌನ್ ಸುನ್ತಾ ಹೈ ಚಿಕ್ಕಮ್ಮ, ಪಕ್ಕದ ಮನೆ ಆಂಟಿ ಹೇಳಿದ್ರೆ ಎಲ್ರೂ ಕೇಳ್ತಾರೆ — ಅಕ್ಕನ ಮಗಳು ಅವಳು, ಅಕ್ಕನೆಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ, ಗಂಡನ ಅಣ್ಣನ ಹೆಂಡತಿ ಅಮ್ಮಣ್ಣಿ, ಪೀತಮ್‌ಪುರದ ತಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಜೊತೆಗೆ ಬೆಂದವಳು, ಮೊದಲು ನೀವು ಆಗಿದ್ದಳು, ನಾಲ್ಕನೇ ವರ್ಷಕ್ಕೆ ನೀನು ಆದಳು. ಉಡುಪಿಯಿಂದ ಬಂದ ಹೊಸದರಲ್ಲಿ ಹಿಂದಿ ಬಾರದೆ ಮೂಲೆಯಲ್ಲಿ ಕೂತು ಅತ್ತ ತನಗೆ, ಅಳಬೇಡ ಮಾರಾಯ್ತಿ, ಬೈಯಲಿಕ್ಕೊಂದು ಕಲಿ ಸಾಕು, ತರಕಾರಿ ಭಯ್ಯಾ ತಾನಾಗಿ ದಾರಿಗೆ ಬರ್ತಾನೆ, ಅಂದಿದ್ದಳು. ಈಗ ಚೆನ್ನಾಗಿ ಬೈಯುತ್ತೇನೆ ಅಕ್ಕ, ಕೇಳಿ ನಗಲಿಕ್ಕೆ ನೀನಿಲ್ಲ, ಎರಡು ವರ್ಷದಲ್ಲಿ ನಿನಗೆಂದು ಎತ್ತಿಟ್ಟ ಮಾತು ರಾಶಿ ಬಿದ್ದಿದೆ, ಭಾವ ದೊಡ್ಡ ಗ್ರೈಂಡರ್ ಮಾರಿದ್ದು, ಎದುರುಮನೆಯವಳ ಮಗ ಮದುವೆಯಾದದ್ದು, ಯಾರಿಗೆ ಹೇಳುವುದು, ಬೇರೆಯವರಿಗೆ ಹೇಳಿದರೆ ಬರೀ ಸುದ್ದಿಯಾಗುತ್ತದೆ.

ಚೀಟಿಯಲ್ಲಿರುವುದು ಜ್ಯೋತ್ಸ್ನಾಳ ಹಿಂದಿ, ವಾಸಂತಿ ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ, ದವಡೆ ನೋವು, ಬೆವರು, ಸುಸ್ತು, ಹೆಂಗಸರಿಗೆ ಹೀಗೂ ಬರುತ್ತದೆ, ತಡಮಾಡಬೇಡಿ, ಎಲ್ಲ ಸರಿ, ಆಮೇಲೆ ಆ ಒಂದು ಸಾಲು — ನನ್ನ ದೀದಿ ನೋವು ಮುಚ್ಚಿಟ್ಟಳು, ವ್ರತ ಮುರಿಯಲು ಒಪ್ಪಲಿಲ್ಲ. ಒಪ್ಪಲಿಲ್ಲ ಎಂಬ ಮಾತು ತನ್ನದೇ, ಆಸ್ಪತ್ರೆಯ ಬಾಗಿಲಲ್ಲಿ, ಗ್ರೇಟರ್ ನೋಯ್ಡಾದ ಆಫೀಸಿನಿಂದ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಒದ್ದಾಡಿ ಬಂದ ಹುಡುಗಿ ಭುಜ ಹಿಡಿದು ಕೇಳಿದ್ದಳು, ಮೊದಲೇ ಯಾಕೆ ಕರ್ಕೊಂಡು ಬರ್ಲಿಲ್ಲ ಚಿಕ್ಕಮ್ಮ, ಆಗ ಬಾಯಿಂದ ಜಾರಿತು, ನಾನು ಹೇಳಿದೆ ಮಗಾ, ಅವಳು ಒಪ್ಪಲಿಲ್ಲ. ಜಾರಿದ್ದೇ ನಿಜವೆಂದು ನಿಂತುಬಿಟ್ಟಿತು. ಅಂದಿನಿಂದ ಆ ಹುಡುಗಿ ತಾಯಿಗಾಗಿ ಅತ್ತಿಲ್ಲ, ಅಮ್ಮನಿಗೆ ನನಗಿಂತ ಏಕಾದಶೀನೇ ಬಡೀ ಥೀ ಎಂದು ಹಲ್ಲು ಕಚ್ಚುತ್ತಾಳೆ, ಸಿಟ್ಟು ಬಂದಾಗೆಲ್ಲ ಚಿಕ್ಕಮ್ಮನ ಮಡಿಲಿಗೆ ಬರುತ್ತಾಳೆ, ಅಕ್ಕನ ಮಗಳನ್ನು ಅಕ್ಕನಿಂದ ಕಿತ್ತು ತಾನು ಇಟ್ಟುಕೊಂಡಂತಾಯಿತು, ನಿಜ ಹೇಳಿದರೆ ಇವಳೂ ಹೋಗುತ್ತಾಳೆ, ಹೋದರೆ ಅಕ್ಕನ ಕಣ್ಣು ಮೂಗು ಇನ್ನು ಯಾರ ಮುಖದಲ್ಲಿ ನೋಡುವುದು.

ತಾಲಿಯಾಂ, ತಾಲಿಯಾಂ — ಚಪ್ಪಾಳೆ, ಆಂಟಿ ಇಳಿದಳು, ವಾಸಂತಿಯ ಕಾಲು ತಾನಾಗಿ ಮೆಟ್ಟಿಲು ಹತ್ತಿತು, ಅಕ್ಕ ಹೋದ ಆ ದಿನವೂ ಜೂನ್ ತಿಂಗಳ ಬೇಗೆ, ಏಕಾದಶಿ, ಮರುದಿನ ಬೆಳಿಗ್ಗೆ ಪಾರಣೆ ಮಾಡಿ ಉಪವಾಸ ಬಿಡುವ ತನಕ ತೊಟ್ಟು ನೀರೂ ಇಲ್ಲ, ಗಿರಾಕಿಗಳಿಗೆ ಮಾತ್ರ ಎಲ್ಲ ಬೇಯಿಸಬೇಕು, ಸಾಂಬಾರಿನ ಉಪ್ಪನ್ನು ಅಕ್ಕ ಮೂಸಿಯೇ ಹೇಳುತ್ತಿದ್ದಳು, ಒಮ್ಮೆಯೂ ತಪ್ಪಿದವಳಲ್ಲ, ಬೆಳಿಗ್ಗೆಯೇ ಇಬ್ಬರ ನಡುವೆ ಒಪ್ಪಂದ, ನಾನು ಕೇಳಿದ್ರೂ ಕೊಡಬೇಡ, ನೀನು ಕೇಳಿದ್ರೂ ನಾನು ಕೊಡುವುದಿಲ್ಲ, ಇಪ್ಪತ್ತಾರು ವರ್ಷದ ಅದೇ ತಮಾಷೆ. ನಾಲ್ಕು ಗಂಟೆಗೆ ತೆಂಗಿನಕಾಯಿ ತುರಿಯುವುದನ್ನು ಬಿಟ್ಟು ದವಡೆ ಹಿಡಿದು ಕೂತಳು, ಹಲ್ಲುನೋವಾ ಅಕ್ಕ, ಲವಂಗ ಇಟ್ಟುಕೋ ಅನ್ನೋಣವೆಂದರೆ ಏಕಾದಶಿ, ಸೀರೆ ಒದ್ದೆಯಾಗುವಷ್ಟು ಬೆವರು, ಜೂನಿನಲ್ಲಿ ದೆಹಲಿಯಲ್ಲಿ ಬೆವರದವರು ಯಾರು, ಆಗ ದವಡೆಯಿಂದ ಕೈ ತೆಗೆದು ಚಾಚಿದಳು — ಒಂದು ಲೋಟ ನೀರು ಕೊಡು ವಾಸಂತಿ. ಎಂದೂ ಕೇಳದವಳು ಕೇಳಿದಳು. ತಾನು ನಕ್ಕಳು, ಹೌದು, ನಕ್ಕಳು, ಕೇಳಿದ್ರೂ ಕೊಡಬೇಡ ಅಂದದ್ದು ನೀನೇ ಅಲ್ವಾ, ನಾಳೆ ಪಾರಣೆ ಆಗಲಿ, ಡಾಕ್ಟರ ಹತ್ತಿರ ಹೋಗುವ — ಹೌದಲ್ಲ, ಎಂದು ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು, ಹೋಟೆಲಿಗೆ ದೀಪ ಹಚ್ಚುವ ಹೊತ್ತಿಗೆ ನೆಲದ ಮೇಲಿದ್ದಳು. ನೀರು ಕೊಟ್ಟ ಮಾತ್ರಕ್ಕೆ ಬದುಕುತ್ತಿರಲಿಲ್ಲ, ಅದು ವಾಸಂತಿಗೆ ಗೊತ್ತು, ಆದರೆ ಅವಳು ಕೇಳಿದಳೆಂದು ಬೆಚ್ಚಿ ಆ ಕ್ಷಣವೇ ಆಟೋ ಹತ್ತಿಸಿದ್ದರೆ, ಎರಡು ಗಂಟೆ ಮೊದಲು ಬಂದಿದ್ದರೆ, ಅಂದಿದ್ದರು ಡಾಕ್ಟರು.

ನಮಸ್ತೇ, ಮೇರಾ ನಾಮ್ ವಾಸಂತಿ — ದವಡೆ ಓದಿದಳು, ಬೆವರು ಓದಿದಳು, ಆ ಸಾಲು ಬಂತು, ಮುಂದಿನ ಸಾಲಿನಲ್ಲಿ ಜ್ಯೋತ್ಸ್ನಾ ತಲೆಯಾಡಿಸುತ್ತಿದ್ದಾಳೆ, ಹೇಳಿ ಚಿಕ್ಕಮ್ಮ, ಹೇಳಿ ಎಂಬಂತೆ, ಥೇಟ್ ಅಕ್ಕನ ಹಣೆ, ಚೀಟಿ ಮಡಚಿದಳು, ಕನ್ನಡದಲ್ಲೇ ಬಂತು ಮಾತು, ಈ ಇನ್ನೂರು ಹೆಂಗಸರಲ್ಲಿ ಒಬ್ಬಳಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ — ಅಮ್ಮ ಮುಚ್ಚಿಡಲಿಲ್ಲ ಮಗಾ, ವ್ರತ ಮುರಿಯಲು ಒಪ್ಪಿದ್ದಳು, ನನ್ನ ಹತ್ತಿರ ನೀರು ಕೇಳಿದಳು, ನಾನು ನಗುತ್ತಾ ಇಲ್ಲ ಅಂದೆ, ನಾಳೆ ಹೋಗುವ ಅಂದವಳು ನಾನು. ಸಭೆ ಗುಜುಗುಜು ಎಂದಿತು, ಏನಂತೆ, ಏನು ಹೇಳಿದಳು, ಯಾರಿಗೂ ಅರ್ಥವಾಗಲಿಲ್ಲ, ಜ್ಯೋತ್ಸ್ನಾ ತಲೆಯಾಡಿಸುವುದು ನಿಂತಿತ್ತು, ಎದ್ದಳು, ಹೊರಟಳು ಅಂದುಕೊಂಡಳು ವಾಸಂತಿ, ಹೋಗಲಿ, ಮನಸ್ಸಾದರೂ ಅಕ್ಕನ ಕಡೆಗೆ ತಿರುಗಲಿ — ಆದರೆ ಅವಳು ನಿಂತಲ್ಲೇ ನಿಂತಳು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ಹಿಂದೀ ಮೇಂ ಬೋಲೋ ಚಿಕ್ಕಮ್ಮ, ಸಬ್ ಕೋ ಸುನ್‌ನಾ ಹೈ. ಹಿಂದಿಯಲ್ಲಿ, ಎಲ್ಲರಿಗೂ — ವಾಸಂತಿ ಮೈಕು ಹಿಡಿದಳು, ದೀದೀ ನೇ, ದೀದೀ ನೇ ಪಾನೀ — ಮುಂದಿನ ಮಾತು ಗೊತ್ತು, ಇಪ್ಪತ್ತೆಂಟು ವರ್ಷದ ಹಿಂದಿ, ಎಲ್ಲಿ ಹೋಯಿತು, ಕಣ್ಣ ಮುಂದೆ ಬರೀ ಅಕ್ಕನ ಕೈ, ತೆಂಗಿನ ತುರಿ ಅಂಟಿದ ಅಂಗೈ, ಚಾಚಿದ ಕೈ, ಇನ್ನೂ ಹಿಂದಕ್ಕೆ ಹೋಗದ ಕೈ.